ಅವತ್ತೇ ಗೊತ್ತಾಗಿದ್ದರೆ

ಮಾರ್ಚ್ ೪, ಬೆಳಿಗ್ಗೆ

ಇವರಿಗೆ ಮಾತ್ರೆ ಕೊಟ್ಟಾಯಿತು. ಹಾಲು ಬೇಡವಂತೆ. ಅರ್ಧ ಬ್ರೆಡ್ಡು ತಿಂದರು, ಅದೂ ನನ್ನ ಮುಖ ನೋಡಿ. ಕಿಟಕಿ ಪಕ್ಕ ಕುರ್ಚಿ ಹಾಕಿಸಿಕೊಂಡು ರಸ್ತೆ ನೋಡುತ್ತಾ ಕೂತಿದ್ದಾರೆ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು... ಎಲ್ಲಿ ಕೂತರೂ ಪಾಠ. "ನೋಡು ನೋಡು, ಇಂಡಿಕೇಟರ್ ಹಾಕ್ದೆ ತಿರುಗಿಸ್ತಾನೆ! ಇವನಿಗೆ ಲೈಸೆನ್ಸ್ ಕೊಟ್ಟೋನಿಗೆ ಎರಡು ಬಿಡ್ಬೇಕು." ಅಷ್ಟು ಹೇಳುವಷ್ಟರಲ್ಲಿ ಕೆಮ್ಮು.

ಈ ಕೆಮ್ಮಿಗೇ ಎರಡು ವರ್ಷದ ಹಿಂದೆ ದೊಡ್ಡಾಸ್ಪತ್ರೆಗೆ ಹೋಗಿದ್ದು. ಎದೆಯ ಎಕ್ಸ್‌ರೇ ತೆಗೆದು, "ಏನೂ ಇಲ್ಲ, ಆಸಿಡಿಟಿ" ಎಂದು ಕಳಿಸಿದರು. ಖುಷಿಗೆ ದಾರಿಯಲ್ಲಿ ಐಸ್‌ಕ್ರೀಮ್ ತಿಂದೆವು. ಕಳೆದ ಚಳಿಗಾಲದಲ್ಲಿ ಕರ್ಚೀಫಿನಲ್ಲಿ ರಕ್ತ. ಬೇರೆ ಆಸ್ಪತ್ರೆ. ಅಲ್ಲಿಯ ಡಾಕ್ಟರು ನಾವು ಒಯ್ದಿದ್ದ ಹಳೇ ಫಿಲ್ಮನ್ನೇ ಬೆಳಕಿಗೆ ಹಿಡಿದು ಪೆನ್ನಿನ ತುದಿಯಲ್ಲಿ ತೋರಿಸಿದರು. ಬಟಾಣಿಯಷ್ಟು ಬಿಳಿ ಚುಕ್ಕೆ. "ಆಗ್ಲೇ ಇತ್ತಲ್ಲ ಇದು..." ಈಗ ಅದು ಎರಡೂ ಶ್ವಾಸಕೋಶ ದಾಟಿ ಬೆನ್ನುಮೂಳೆಗೆ ಬಂದಿದೆ.

ಮಧ್ಯಾಹ್ನ ಲಾಯರ ಹತ್ತಿರ ಹೋಗಬೇಕು. ಇವರಿಗೆ ಮನಸ್ಸಿಲ್ಲ. ನನಗೆ ಬಿಡುವ ಮನಸ್ಸಿಲ್ಲ.

ಅದೇ ದಿನ, ಸಂಜೆ

ಚಪ್ಪಲಿ ಅಂಗಡಿಯ ಮೇಲಿನ ಮಹಡಿ. ಲಾಯರಮ್ಮ ಚಿಕ್ಕ ವಯಸ್ಸಿನವರು, ಮಾತು ಚೂಪು. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು — "ಎರಡು ವಿಷಯ ತೋರಿಸ್ಬೇಕಮ್ಮ. ಒಂದು, ಅವ್ರು ಚುಕ್ಕೆ ನೋಡ್ಲಿಲ್ಲ ಅಂತ. ಅದು ಸುಲಭ. ಎರಡ್ನೇದು, ನೋಡಿದ್ದಿದ್ರೆ ನಿಮ್ಮ ಯಜಮಾನ್ರು ವಾಸಿಯಾಗ್ತಿದ್ರು ಅಂತ. ಅದು ಕಬ್ಬಿಣದ ಕಡಲೆ."

"ತಪ್ಪು ಮಾಡಿದ್ದು ಅವ್ರು. ತೋರಿಸ್ಬೇಕಾದ್ದು ನಾವಾ?"

"ನಾವೇ. ಅದಕ್ಕೊಬ್ರು ತಜ್ಞ ಡಾಕ್ಟ್ರು ಬರ್ಕೊಡ್ಬೇಕು. ನಿಮ್ಗೆ ಯಾರಾದ್ರೂ ಗೊತ್ತಾ?"

ಗೊತ್ತು. ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂರುವವಳಿಗೆ ಡಾಕ್ಟರುಗಳಿಗೇನು ಬರ!

ಮಾರ್ಚ್ ೯

ನಮ್ಮ ಕ್ಲಿನಿಕ್ಕಿನ ಡಾಕ್ಟರನ್ನು ಕೇಳಿದೆ. ಅವರ ಅಣ್ಣನೇ ಶ್ವಾಸಕೋಶದ ತಜ್ಞರು. ಒಂದು ಮಾತು ಹೇಳಿದರೆ ಸಾಕಿತ್ತು. ಒಳ್ಳೆಯವರು. ನಮ್ಮನೆಯವರು ಹಲ್ಲು ಕೀಳಿಸಲು ಬಂದು, ಇಂಜೆಕ್ಷನ್ ನೋಡಿ ಕುರ್ಚಿಯಿಂದ ಎದ್ದು ಓಡಿದ ಕಥೆಯನ್ನು ಇವತ್ತಿಗೂ ಹೇಳಿ ನಗುತ್ತಾರೆ.

ಇವತ್ತು ನಗಲಿಲ್ಲ. ಫಿಲ್ಮ್ ನೋಡಿದರು. ಕೈ ತೊಳೆದರು. ಒರೆಸಿಕೊಂಡರು. ಮತ್ತೆ ತೊಳೆದರು.

"ನೀವು ಕೇಳ್ತಿರೋದು ನ್ಯಾಯವಾಗೇ ಇದೆ. ಆದ್ರೆ ಆ ಆಸ್ಪತ್ರೇಲೇ ಅಣ್ಣ ವಾರಕ್ಕೆರಡು ದಿನ ಕೂರ್ತಾನೆ. ಬರ್ಕೊಟ್ರೆ ನಾಳೆ ಅವನ ಮುಖ ಯಾರು ನೋಡ್ತಾರೆ, ಹೇಳಿ?"

ಹೊರಗೆ ಬಂದು ಮುಂದಿನ ಪೇಷೆಂಟನ್ನು ಒಳಗೆ ಕಳಿಸಿದೆ.

ಏಪ್ರಿಲ್ ೨೭

ಇಷ್ಟು ದಿನ ಬರೆಯಲಾಗಲಿಲ್ಲ. ಕೀಮೋ. ವಾಂತಿ, ಬಕೆಟ್ಟು, ಒಗೆಯುವುದು, ಒಣಗಿಸುವುದು. ಮಗಳು ಕಾಲೇಜು ಬಿಟ್ಟು ಮನೆಯಲ್ಲಿರುತ್ತೇನೆ ಎಂದಳು. ಅಪ್ಪ ಬೈದು ಕಳಿಸಿದರು.

ಕೇಸು ಹಾಕಿದ್ದಾಯಿತು. ತಜ್ಞರು ಮಾತ್ರ ಇಲ್ಲ. ಕೆಲವರು ಫೋನೇ ಎತ್ತುವುದಿಲ್ಲ. ಎತ್ತಿದವರು ಅಯ್ಯೋ ಪಾಪ ಎನ್ನುತ್ತಾರೆ. ಆಮೇಲೆ ಅವರೂ ಎತ್ತುವುದಿಲ್ಲ.

ಮೇ ೧೬

ಸಿಕ್ಕರು! ದೂರದ ಊರಿನವರು, ನಿವೃತ್ತರು. ಲಾಯರಮ್ಮ ಫೋನ್ ಮಾಡಿ, "ತುಂಬಾ ಒಳ್ಳೇ ರಿಪೋರ್ಟಮ್ಮಾ" ಎಂದು ಓದಿದರು. ಅವತ್ತೇ ಕಂಡಿದ್ದರೆ ಆಪರೇಷನ್ ಮಾಡಬಹುದಿತ್ತಂತೆ. ಪೂರ್ತಿ ವಾಸಿಯಾಗುವ ಸಾಧ್ಯತೆಯೇ ಹೆಚ್ಚಿತ್ತಂತೆ.

ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನಿಂತು ಕೇಳಿದೆ. ಖುಷಿಯಾಯಿತು. ನಿಜವಾಗಿ ಖುಷಿಯಾಯಿತು... ಆಮೇಲೆ ಅಲ್ಲೇ ಕೂತೆ.

ಮನೆಯಲ್ಲಿ, "ಏನಂತೆ?" ಎಂದರು.

"ನಮ್ ಪರವಾಗೇ ಇದೆಯಂತೆ."

"ಅಂದ್ರೆ ನಾನು ಉಳೀತಿದ್ದೆ ಅಂತ."

ಇವರು ರಾತ್ರಿ ಊಟ ಮುಟ್ಟಲಿಲ್ಲ.

ಮೇ ೨೦

ಮಾತಿಲ್ಲ. ಕಿಟಕಿಯ ಕಡೆಗೂ ಹೋಗುವುದಿಲ್ಲ. ಒಂದೇ ಸಲ ಬಾಯಿ ಬಿಟ್ಟರು. "ಆ ವರ್ಷ ನಾವು ಸಮುದ್ರ ನೋಡೋಕೆ ಹೋಗಿದ್ವಲ್ಲ. ಮರಳಲ್ಲಿ ಬಿದ್ಕೊಂಡಿದ್ದೆ. ಆಗ ಅದು ಒಳಗೆ ಬೆಳೀತಿತ್ತು. ಕತ್ತರಿಸಿ ಬಿಸಾಕ್ಬಹುದಿತ್ತು... ನಾನು ಮರಳಲ್ಲಿ ಬಿದ್ಕೊಂಡಿದ್ದೆ ಕಣೇ."

ಜೂನ್ ೩೦

ಆಸ್ಪತ್ರೆಯ ಕಡೆಯ ತಜ್ಞನ ವರದಿ ಬಂತು. ಇದು ಬಲು ಬೇಗ ಹರಡುವ ಜಾತಿಯಂತೆ. ಆ ಹೊತ್ತಿಗೇ ರಕ್ತಕ್ಕೆ ಸೇರಿರುತ್ತಿತ್ತಂತೆ. ಆಗ ಗೊತ್ತಾಗಿದ್ದರೂ ಇಷ್ಟೇ ಆಯುಸ್ಸಂತೆ. ಓದಿ ಮೈ ಉರಿಯಿತು. ಮೇಜಿನ ಮೇಲೆ ಎಸೆದು ಕೆಲಸಕ್ಕೆ ಹೋದೆ.

ಬರುವಷ್ಟರಲ್ಲಿ ಇವರು ಕಿಟಕಿ ಪಕ್ಕ. ಕನ್ನಡಕ ಮೂಗಿನ ಮೇಲೆ, ಕೈಯಲ್ಲಿ ಅದೇ ವರದಿ. ಒಂದು ಬಟ್ಟಲು ಸೂಪು ಖಾಲಿ ಮಾಡಿದ್ದಾರೆ, ತಾವಾಗಿಯೇ.

"ಎಷ್ಟು ಚೆನ್ನಾಗಿ ಬರ್ದಿದಾನೆ ಪುಣ್ಯಾತ್ಮ! ಏನೂ ಮಾಡೋ ಹಾಗಿರ್ಲಿಲ್ವಂತೆ. ಅವತ್ತೇ ಗೊತ್ತಾಗಿದ್ರೆ ಆ ವರ್ಷಾನೂ ಹಾಸಿಗೇಲೇ ಹೋಗ್ತಿತ್ತು. ಸಮುದ್ರಾನೂ ಇಲ್ಲ, ಏನೂ ಇಲ್ಲ."

"ರೀ, ಅವನು ಅವ್ರ ಕಡೆಯೋನು. ದುಡ್ಡಿಗೆ ಬರೆಯೋನು!"

"ನಿನ್ ಡಾಕ್ಟ್ರಿಗಿಂತ ನನ್ ಡಾಕ್ಟ್ರೇ ವಾಸಿ ಬಿಡು."

ಎಷ್ಟೋ ದಿನದ ಮೇಲೆ ನಕ್ಕರು. ನಾನೂ ನಗಬೇಕಾಯಿತು.

ಜುಲೈ ೨

ಕೇಸು ಬಿಡೋಣವೇ ಎಂದು ಕೇಳಿದೆ. ಬೇಡವಂತೆ. "ನಿಮ್ಮಿಬ್ರಿಗೆ ನಾಳೆ ಬೇಕಾಗುತ್ತೆ. ನಡೀಲಿ." ಆಮೇಲೆ ತಲೆದಿಂಬಿನ ಕೆಳಗೆ ನೋಡಿದೆ. ಅವನ ವರದಿ ಮಡಚಿಟ್ಟುಕೊಂಡಿದ್ದಾರೆ. ನಾನು ಗೆಲ್ಲಬೇಕಾದರೆ ಅದು ಸುಳ್ಳಾಗಬೇಕು. ಇವರು ನಿದ್ದೆ ಮಾಡಬೇಕಾದರೆ ಅದು ನಿಜವಾಗಬೇಕು.

ಆಗಸ್ಟ್ ೧೧

ಕೋರ್ಟಿಗೆ ಕರೆದೊಯ್ಯುವ ಸ್ಥಿತಿ ಇಲ್ಲ. ಹೇಳಿಕೆ ತೆಗೆದುಕೊಳ್ಳಲು ಕೋರ್ಟಿನ ಅಧಿಕಾರಿಯೇ ಮನೆಗೆ ಬಂದರು. ಜೊತೆಗೆ ಟೈಪಿಸ್ಟು, ಲಾಯರಮ್ಮ, ಎದುರು ವಕೀಲ. ಕುರ್ಚಿ ಸಾಲದೆ ಪಕ್ಕದ ಮನೆಯಿಂದ ತಂದೆ.

ಎದುರು ವಕೀಲ ಒರಟನಾಗಿದ್ದರೆ ಚೆನ್ನಾಗಿತ್ತು. ಮೆತ್ತಗಿನ ಮನುಷ್ಯ. "ನೀರು ಕುಡೀರಿ, ನಿಧಾನವಾಗಿ ಹೇಳಿ" ಎನ್ನುತ್ತಾನೆ. ಸಿಗರೇಟು ಇತ್ತೇ? ಇಲ್ಲ. ಆಮೇಲೆ ಇನ್ನೊಮ್ಮೆ ಯಾಕೆ ತೋರಿಸಲಿಲ್ಲ? ಏನೂ ಇಲ್ಲ ಅಂದ್ರಲ್ಲ ಸಾರ್. ಇವರ ಉತ್ತರಗಳೆಲ್ಲ ಬೆಣ್ಣೆಯಿಂದ ಕೂದಲು ತೆಗೆದಂತೆ. ಲಾಯರಮ್ಮನ ಮುಖದಲ್ಲಿ ಕಳೆ.

ಕೊನೆಗೆ ಕೇಳಿದ. "ಅವತ್ತೇ ಗೊತ್ತಾಗಿ, ಎದೆ ಕೊಯ್ದು ಆಪರೇಷನ್ ಮಾಡ್ಬೇಕು ಅಂದಿದ್ರೆ, ಒಪ್ತಿದ್ರಾ?"

ಹೂಂ ಎಂದರೆ ಮುಗಿಯಿತು. ಲಾಯರಮ್ಮ ಮೊದಲೇ ಹೇಳಿಕೊಟ್ಟಿದ್ದರು.

ಇವರು ನನ್ನನ್ನು ನೋಡಿದರು. ಆಮೇಲೆ ಕಿಟಕಿ ನೋಡಿದರು.

"ಇಲ್ಲ ಸಾರ್. ಒಪ್ತಿರ್ಲಿಲ್ಲ."

"ಯೋಚ್ನೆ ಮಾಡಿ ಹೇಳಿ" ಎಂದವನು ಅವನೇ, ಎದುರು ವಕೀಲ!

"ಹಲ್ಲು ಕೀಳ್ತಾರೆ ಅಂತ್ಲೇ ಎದ್ದು ಓಡಿದೋನು ನಾನು. ಎದೆ ಕೊಯ್ಯೋಕೆ ಬಿಡ್ತಿದ್ನಾ? ಯಾವಾಗ ಗೊತ್ತಾದ್ರೂ ಇಷ್ಟೇ ಆಗ್ತಿತ್ತು."

ಟೈಪಿಸ್ಟು ಬಡಿಯುತ್ತಲೇ ಇದ್ದ. ಲಾಯರಮ್ಮ ಪೆನ್ನಿನ ಮುಚ್ಚಳ ಹಾಕಿದರು.

ಎಲ್ಲರೂ ಹೋದ ಮೇಲೆ ಕೇಳಿದೆ. "ನಿಜ ಹೇಳಿ. ಒಪ್ತಿರ್ಲಿಲ್ವಾ?" ಗೋಡೆ ಕಡೆ ತಿರುಗಿ ಮಲಗಿದ್ದರು. "ನೀನು ನಾಕು ಬೈದಿದ್ರೆ ಒಪ್ತಿದ್ನೇನೋ..." ಎಂದರು. ಹೊದಿಕೆ ಎಳೆದುಕೊಂಡು — "ಬೈಯೋಳೇ ನೀನು. ನಂಗೊತ್ತು."

ಬೈಯುತ್ತಿದ್ದೆ. ಕೈಕಾಲು ಕಟ್ಟಿಯಾದರೂ ಒಯ್ಯುತ್ತಿದ್ದೆ. ಆದರೆ ಅದನ್ನು ಯಾರೂ ಕೇಳಲಿಲ್ಲ.

ಸೆಪ್ಟೆಂಬರ್ ೨೩

ಹೋದ ವಾರ. ಭಾನುವಾರ ಮಧ್ಯಾಹ್ನ. ಮಗಳು ಕೈ ಹಿಡಿದುಕೊಂಡಿದ್ದಳು.

ಕಾರು ಕಲಿತವರೆಲ್ಲ ಬಂದಿದ್ದರು. ಒಬ್ಬರೂ ಗಾಡಿ ನೆಟ್ಟಗೆ ನಿಲ್ಲಿಸಿರಲಿಲ್ಲ. ಇವರಿದ್ದಿದ್ದರೆ ಒಬ್ಬೊಬ್ಬರಿಗೂ ಮಂಗಳಾರತಿ ಆಗುತ್ತಿತ್ತು.

ನವೆಂಬರ್ ೮

ಕೇಸು ಈಗ ನನ್ನ ಹೆಸರಿನಲ್ಲಿ. ಲಾಯರಮ್ಮ ಕರೆಸಿ, ದನಿ ತಗ್ಗಿಸಿ ಹೇಳಿದರು. "ಒಂದೇ ದಾರಿ ಉಳಿದಿರೋದು. ಹೇಳಿಕೆ ಕೊಟ್ಟ ದಿನ ನೋವಿನ ಔಷಧಿ ಜಾಸ್ತಿಯಾಗಿತ್ತು, ಏನು ಮಾತಾಡ್ತಿದೀನಿ ಅನ್ನೋ ಗ್ಯಾನ ಅವ್ರಿಗೆ ಇರ್ಲಿಲ್ಲ ಅಂತ ನೀವು ಪ್ರಮಾಣ ಮಾಡಿ ಹೇಳ್ಬೇಕು."

"ಇತ್ತಲ್ಲ."

"ಅಮ್ಮಾ, ಮಗಳ ಮುಖ ನೋಡಿ ಹೇಳಿ."

ಹೂಂ ಎಂದು ಬಂದೆ.

ನವೆಂಬರ್ ೨೪

ಕಟಕಟೆ ಹತ್ತಿದೆ. ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆ. ಎದುರು ವಕೀಲ ಎದ್ದು, ಮೆತ್ತಗೆ — "ಅವತ್ತು ಅವ್ರಿಗೆ ಪೂರ್ತಿ ಎಚ್ಚರ ಇತ್ತಾ, ಮೇಡಂ?"

ಅವತ್ತು ಹಲ್ಲಿನ ಮಾತಿಗೆ ಎಲ್ಲರೂ ನಗಲಿ ಎಂದು ಒಂದು ಗಳಿಗೆ ಕಾದಿದ್ದರು ಇವರು. ಯಾರೂ ನಗಲಿಲ್ಲ. ಅದು ಕಣ್ಣ ಮುಂದೆ ಬಂತು.

"ಇತ್ತು" ಎಂದೆ.

ಮಗಳು ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋದಳು.

ಫೆಬ್ರವರಿ ೧೨, ಸಂಜೆ

ತೀರ್ಪು. ಚುಕ್ಕೆ ನೋಡದೆ ಬಿಟ್ಟದ್ದು ತಪ್ಪೇ ಅಂತೆ. ಆ ತಪ್ಪಿಂದಲೇ ಸಾವು ಬಂತು ಎನ್ನಲು ಸಾಕ್ಷಿ ಸಾಲದಂತೆ. ಪರಿಹಾರವಿಲ್ಲ. ಆಸ್ಪತ್ರೆಯವರು ಯಾರೂ ಬಂದೇ ಇರಲಿಲ್ಲ. ಲಾಯರಮ್ಮ ಮೇಲಿನ ಕೋರ್ಟಿನ ವಿಷಯ ಹೇಳುತ್ತಿದ್ದರು. ಕೇಳಿಸಿತು, ತಲೆಗೆ ಹೋಗಲಿಲ್ಲ.

ನಡೆದೇ ಬಂದೆ. ದಾರಿಯುದ್ದಕ್ಕೂ ಇವರಿಗೆ ಹೇಗೆ ಹೇಳುವುದು ಎಂದೇ ಯೋಚನೆ. ಬೇಜಾರಿನ ಮುಖ ಮಾಡಬಾರದು, ನಗುತ್ತಲೇ ಹೇಳಬೇಕು ಎಂದುಕೊಂಡೆ. ಬಾಗಿಲು ತೆಗೆದೆ. ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು. ಅಂದೇಬಿಟ್ಟೆ — "ರೀ, ಕೊನೆಗೂ ನಿಮ್ಮ ಡಾಕ್ಟ್ರೇ ಗೆದ್..." ಕಿಟಕಿ ಪಕ್ಕದ ಕುರ್ಚಿ ಖಾಲಿ ಇತ್ತು.