ಮೂರನೇ ಲಾರಿಯಲ್ಲಿದ್ದದ್ದು ಗುಜರಿಯಲ್ಲ

ಸರಕು ಸಾಗಣೆ ಪರವಾನಗಿ ಕಚೇರಿಯ ಮುಖ್ಯಾಧಿಕಾರಿಗಳೇ,

ನಿಮ್ಮ ಕಡತದಲ್ಲಿ 'ಗುಜರಿ' ಎಂಬ ಒಂದು ಪದವಿದೆ. ಬರೆದವಳು ನಾನು, ಬರೆಸಿದವರು ನಿಮ್ಮವರು. ಆ ಒಂದು ಪದದ ಬಲದಿಂದ ತೊಂಬತ್ತು ವರ್ಷದ ಉಗಿ ಎಂಜಿನ್ನೊಂದರ ಕೈಕಾಲುಗಳನ್ನು ಈಗಾಗಲೇ ಗ್ಯಾಸ್ ಕಟರಿನಿಂದ ತುಂಡರಿಸಿದ್ದಾಗಿದೆ. ಉಳಿದ ಮೈಯನ್ನು ಇದೇ ಇಪ್ಪತ್ತೆಂಟನೇ ತಾರೀಖು ತುಂಡರಿಸುತ್ತೇವೆಂದು ನಿಮ್ಮ ನೋಟಿಸು ಬಂದಿದೆ. ಅದನ್ನು ನಿಲ್ಲಿಸಿ ಎಂದು ಕೇಳುವುದಕ್ಕೆ ಈ ಪತ್ರ. ಇದಕ್ಕೂ ಮೊದಲು ಮೂರು ಸಲ ಬರೆದೆ. ಮೂರು ಸಲವೂ 'ಸ್ವೀಕರಿಸಲಾಗಿದೆ' ಎಂಬ ನೀಲಿ ಮೊಹರು ಬಿತ್ತು. ಸ್ವೀಕರಿಸಿದಿರಿ, ಸಂತೋಷ. ಓದಿದಿರಾ? ಓದಿದವರೊಬ್ಬರೂ ಸಿಗದ ಕಾರಣ ಈಗ ಎಲ್ಲರೂ ಓದಲೆಂದು ಬರೆಯುತ್ತಿದ್ದೇನೆ.

ನಾನು ನಾಲ್ಕು ತಿಂಗಳ ಹೆಣ್ಣುಮಗುವಿನ ತಾಯಿ. ಸರಿಯಾಗಿ ನಿದ್ದೆ ಮಾಡಿ ನಾಲ್ಕು ತಿಂಗಳಾಯಿತು ಎಂದರೂ ಒಂದೇ. ಮಗು ಅತ್ತರೆ ಯಾಕೆ ಅತ್ತಿತೆಂದು, ಸುಮ್ಮನಿದ್ದರೆ ಯಾಕೆ ಸುಮ್ಮನಿದೆಯೆಂದು ಮೂಗಿನ ಬಳಿ ಬೆರಳಿಟ್ಟು ನೋಡುವವಳು. ಎಲ್ಲಾದರೂ ಮಾತು ಹಳಿ ತಪ್ಪಿದರೆ ಮನ್ನಿಸಿ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು ನಾನೇ. ಅಪ್ಪ ಎಂಜಿನ್ ಶೆಡ್ಡಿನಲ್ಲಿ ಮೂವತ್ತಾರು ವರ್ಷ ಫಿಟ್ಟರ್ ಆಗಿದ್ದವರು. ಅವರಿಗೆ ನಕ್ಷೆ ಓದಲು ಬರುತ್ತದೆ, ಕೂದಲೆಳೆಯಷ್ಟರ ಅಳತೆ ಓದಲು ಬರುತ್ತದೆ, ಬೇರಿಂಗಿನ ಮೇಲೆ ಅಂಗೈಯಿಟ್ಟು ಅದರ ಕಾಯಿಲೆ ಹೇಳಲು ಬರುತ್ತದೆ. ಆದರೆ ಕಾಗದದಲ್ಲಿ 'ಮೇಲ್ಕಾಣಿಸಿದ', 'ತತ್ಸಂಬಂಧವಾಗಿ', 'ಪರಿಗಣಿಸತಕ್ಕದ್ದು' ಎಂದು ಬಂತೋ, ಕನ್ನಡಕ ತೆಗೆದು ನನ್ನ ಮುಖ ನೋಡುತ್ತಾರೆ. ನಾನು ಆರನೇ ತರಗತಿಯಲ್ಲಿದ್ದಾಗಿನಿಂದ ಮನೆಗೆ ಬಂದ ಪ್ರತಿ ಕಾಗದವನ್ನೂ ನಾನೇ ಓದಿ ಹೇಳಿದ್ದು. ಅಮ್ಮನ ಕೊನೆಯ ಆಸ್ಪತ್ರೆ ವರದಿಯನ್ನೂ. ನಾನು ಬೆರಳಿಟ್ಟು ತೋರಿಸಿದ ಕಡೆ ಅಪ್ಪ ಸಹಿ ಹಾಕುವುದು ನಮ್ಮ ಮನೆಯ ಪದ್ಧತಿ.

ಶೆಡ್ಡಿನ ಜಾಗ ಕೈಬದಲಾದಾಗ ಅಲ್ಲಿ ಗಿಡಗಂಟಿಯ ನಡುವೆ ಇಪ್ಪತ್ತು ವರ್ಷದಿಂದ ನಿಂತಿದ್ದ ಎಂಜಿನ್ನನ್ನು ಹಳೆಯ ಯಜಮಾನರು ಅಪ್ಪನ ಹೆಸರಿಗೇ ಬರೆದುಕೊಟ್ಟರು. ಹೊಳೆಯಾಚೆಯ ತಾಂತ್ರಿಕ ಶಾಲೆಯವರು ತಮ್ಮ ಅಂಗಳದಲ್ಲಿ ಒಂದು ತುಂಡು ಹಳಿ ಹಾಸಿ, ತಂದು ನಿಲ್ಲಿಸಿ ಎಂದರು. ತಂದು ನಿಲ್ಲಿಸಿ ಎನ್ನುವುದಕ್ಕೆ ಎರಡೇ ಪದ ಸಾಕು. ಆದರೆ ಎಂಜಿನ್ನಿನ ತೂಕ ನಲವತ್ತು ಟನ್. ಅದು ಓಡಾಡಿದ ದಾರಿಯ ಹಳಿ ಕಿತ್ತು ಯಾವ ಕಾಲವಾಯಿತೋ. ಹೋಗುವುದಾದರೆ ರಸ್ತೆಯಲ್ಲೇ ಹೋಗಬೇಕು. ರಸ್ತೆಯ ಮೇಲುಸೇತುವೆಯ ಅಡಿಗೆ ಅದು ತೂರುವುದಿಲ್ಲ, ಹೊಳೆಯ ಸೇತುವೆ ಅದರ ಭಾರ ತಾಳುವುದಿಲ್ಲ. ಹಾಗಾಗಿ ಬಿಚ್ಚಬೇಕು. ಅಪ್ಪನೂ ಅವರ ಜತೆಗಾರ, ನಾವೆಲ್ಲ ಸೀಟಿಮಾಮ ಎನ್ನುವ ಹಳೆಯ ಡ್ರೈವರೂ ಸೇರಿ ಏಳು ತಿಂಗಳು ಬಿಚ್ಚಿದರು. ಕಚ್ಚಿಕೊಂಡ ನಟ್ಟಿಗೆ ಎಣ್ಣೆ ಕುಡಿಸುವುದು, ಮರುದಿನ ಕಾಯಿಸುವುದು, ಸಡಿಲವಾಗದಿದ್ದರೆ ಮತ್ತೆ ಎಣ್ಣೆ. "ಕತ್ತರಿಸಿಬಿಟ್ರೆ ಒಂದು ದಿನದ ಕೆಲಸ, ಯಜಮಾನ್ರೇ" ಎಂದ ಕ್ರೇನಿನವನಿಗೆ ಅಪ್ಪ, "ಮಂಡಿನೋವು ಅಂತ ಹೋದಾಗ ಡಾಕ್ಟ್ರು ನಿನ್ ಕಾಲೇ ಕತ್ತರಿಸಿದ್ರೆ ಸುಮ್ನಿರ್ತೀಯೇನಪ್ಪಾ?" ಎಂದಿದ್ದರು. ಮರಳಿ ಜೋಡಿಸುವಾಗ ಗೊಂದಲವಾಗದಿರಲೆಂದು ಎಡಗಡೆಯ ಒಂದೊಂದು ಭಾಗಕ್ಕೂ ಉಳಿಯಿಂದ ಒಂದು ಚುಕ್ಕಿ, ಬಲಗಡೆಯದಕ್ಕೆ ಎರಡು ಚುಕ್ಕಿ ಕುಟ್ಟಿದ್ದರು.

ಒಂದು ಲಾರಿಗೆ ಬಾಯ್ಲರು, ಇನ್ನೊಂದಕ್ಕೆ ಚಕ್ರಗಳ ಸಮೇತ ಚೌಕಟ್ಟು. ಮೂರನೆಯದಕ್ಕೆ ಚಿಮಣಿ, ಡ್ರೈವರು ನಿಲ್ಲುವ ಗೂಡು, ಮತ್ತು ಚಕ್ರದಿಂದ ಚಕ್ರಕ್ಕೆ ಬಲ ದಾಟಿಸುವ ಆರು ಉದ್ದನೆಯ ಉಕ್ಕಿನ ತೋಳುಗಳು. ಅವನ್ನು ಕಳಚದಿದ್ದರೆ ಚಕ್ರ ಉರುಳಿಸಿ ಲಾರಿಗೆ ಹತ್ತಿಸಲಾಗದು. "ಇವಳಿಗೆ ಹೊಳೆ ದಾಟೋಕೆ ಮೂರು ಲಾರಿ ಬೇಕಂತೆ" ಎಂದರು ಸೀಟಿಮಾಮ. "ಪರವಾಗಿಲ್ಲ. ನಮ್ಮನೆಯೋಳು ಎರಡು ದಿನಕ್ಕೆ ತಂಗಿ ಮನೆಗೆ ಹೋಗ್ಬೇಕಾದ್ರೆ ಇದಕ್ಕಿಂತ ಜಾಸ್ತಿ ಕಟ್ತಾಳೆ." ಅಪ್ಪ ನಕ್ಕಿದ್ದನ್ನು ನಾನು ಕೊನೆಯದಾಗಿ ನೋಡಿದ್ದು ಅವತ್ತು.

ಮೊದಲೆರಡು ಲಾರಿಗಳಿಗೆ ನಿಮ್ಮ ಭಾರಿ ಸರಕಿನ ವಿಭಾಗದವರು ಬಂದು, ಅಳೆದು, ಪರವಾನಗಿ ಕೊಟ್ಟರು. ಮೂರನೆಯದು ಮಾಮೂಲಿ ಲಾರಿ, ನಾಲ್ಕನೇ ಕಿಟಕಿಗೆ ಹೋಗಿ ಎಂದರು. ನಾನು, ಅಪ್ಪ, ಹೆಗಲ ಮೇಲೆ ಜ್ವರದ ಮಗು. ಅರ್ಜಿಯ ಹದಿನಾಲ್ಕನೇ ಕಾಲಂ, 'ಸರಕಿನ ಸ್ವರೂಪ'. ಆಯ್ಕೆಗಳು ಮೂರು: ಹೊಸ ಯಂತ್ರ, ಬಳಕೆಯಲ್ಲಿರುವ ಯಂತ್ರ, ಗುಜರಿ.

"ಹೊಸದಾ?" ಎಂದರು ಕಿಟಕಿಯೊಳಗಿನ ಗುಮಾಸ್ತೆ.

"ಅಲ್ಲ ಮೇಡಂ, ತೊಂಬತ್ತು ವರ್ಷದ್ದು."

"ಹಾಗಾದ್ರೆ ಬಳಕೇಲಿರೋದು. ಬಾಯ್ಲರ್ ಇನ್ಸ್‌ಪೆಕ್ಟರ್ ಸರ್ಟಿಫಿಕೇಟ್ ಕೊಡಿ."

"ಅವ್ರು ಉರೀತಿರೋ ಬಾಯ್ಲರಿಗೆ ಮಾತ್ರ ಕೊಡ್ತಾರಂತೆ. ಇದು ಆರಿ ಇಪ್ಪತ್ತು ವರ್ಷ ಆಯ್ತು. ಅದೂ ಅಲ್ದೆ, ಈ ಲಾರೀಲಿ ಬಾಯ್ಲರೇ ಇಲ್ಲ ಮೇಡಂ."

"ಹೊಸದೂ ಅಲ್ಲ, ನಡೆಯೋದೂ ಅಲ್ಲ. ಮತ್ತೆ ನಾನೇನಂತ ತಗೊಳ್ಲಿ?" ಅಷ್ಟರಲ್ಲಿ ಮಗು ಕಿರುಚತೊಡಗಿತು. ಅವರ ಮುಖ ಮೆತ್ತಗಾಯಿತು. "ನೋಡಮ್ಮ, ಕೈಗೂಸು ಕಟ್ಕೊಂಡು ಇನ್ನೆಷ್ಟು ಸಲ ಅಲೀತೀಯ? ಗುಜರಿ ಅಂತ ಗುರುತು ಹಾಕಿ ಕೊಡು, ಇವತ್ತೇ ಮುಗಿಯತ್ತೆ. ಬರೀ ಕಾಗದಕ್ಕೆ ತಾನೆ?"

ನಾನು ಇದನ್ನು ಇಲ್ಲಿ ಬರೆದೆನೆಂದು ದಯವಿಟ್ಟು ಅವರ ಮೇಲೆ ಕ್ರಮ ಕೈಗೊಳ್ಳಬೇಡಿ. ನಿಮ್ಮ ಇಡೀ ಕಚೇರಿಯಲ್ಲಿ ಕಡತವೊಂದು ಉಪಯೋಗಕ್ಕೆ ಬಂದದ್ದನ್ನು ನಾನು ನೋಡಿದ್ದು ಅವರು ಅದರಿಂದ ನನ್ನ ಮಗುವಿಗೆ ಗಾಳಿ ಬೀಸಿದಾಗ ಮಾತ್ರ.

ಗುರುತು ಹಾಕಿದೆ. ಪಕ್ಕದ ಖಾಲಿ ಗೆರೆಯ ಮೇಲೆ 'ಗುಜರಿ' ಎಂದು ನನ್ನ ದುಂಡನೆಯ ಅಕ್ಷರದಲ್ಲಿ ಬರೆದೆ. ಅಪ್ಪ ಪೆನ್ನು ಹಿಡಿದು ಕೇಳಿದರು, "ಎಲ್ಲಾ ಓದಿದ್ಯೇನಮ್ಮಾ?"

"ಓದಿದೀನಪ್ಪ, ಹಾಕಿ."

ಓದಿದ್ದೆ, ಒಂದು ಬದಿ. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಏಳನೇ ನಿಯಮವಿತ್ತು: ಗುಜರಿಯೆಂದು ಘೋಷಿತವಾದ ಸರಕನ್ನು ನೋಂದಾಯಿತ ಗುಜರಿ ಅಂಗಳಕ್ಕೆ ಮಾತ್ರ ತಲುಪಿಸತಕ್ಕದ್ದು. ಹಾಳೆ ತಿರುವಿ ನೋಡಲು ನನ್ನ ಕೈ ಖಾಲಿ ಇರಲಿಲ್ಲ. ಇದು ಕಾರಣ, ಸಮರ್ಥನೆಯಲ್ಲ. ನನ್ನ ತಪ್ಪಿನ ಪಾಲನ್ನು ನಾನು ಹೊರುತ್ತೇನೆ. ನಿಮ್ಮ ಪಾಲನ್ನು ಯಾರು ಹೊರುತ್ತಾರೆ?

ಮೂರನೇ ಲಾರಿಯನ್ನು ತಪಾಸಣಾ ಠಾಣೆಯಲ್ಲಿ ತಡೆದು, ತಾಂತ್ರಿಕ ಶಾಲೆ ಗುಜರಿ ಅಂಗಳವಲ್ಲವೆಂಬ ಮಹತ್ತರ ಸಂಶೋಧನೆ ಮಾಡಿ, ನಿಜವಾದ ಗುಜರಿ ಅಂಗಳಕ್ಕೆ ತಿರುಗಿಸಿದರು; ಜತೆಗಿದ್ದ ಮೊದಲೆರಡು ಲಾರಿಗಳ ಸರಕನ್ನು ಠಾಣೆಯಲ್ಲೇ ಇಳಿಸಿ ಇಟ್ಟುಕೊಂಡರು. ನಮಗೆ ಸುದ್ದಿ ತಲುಪಿ ನಾವು ಅಲ್ಲಿಗೆ ಹೋಗುವಷ್ಟರಲ್ಲಿ ಎರಡು ದಿನವಾಗಿತ್ತು. ಚಿಮಣಿ ಚಪ್ಪಟೆಯಾಗಿತ್ತು. ಆರು ತೋಳುಗಳೂ ಮೊಳದುದ್ದದ ತುಂಡುಗಳಾಗಿ ಒಂದರ ಮೇಲೊಂದು ಬಿದ್ದಿದ್ದವು, ಕತ್ತರಿಸಿದ ಅಂಚು ನವಿಲುಬಣ್ಣಕ್ಕೆ ತಿರುಗಿತ್ತು. ಅಪ್ಪ ಕುಕ್ಕರಗಾಲಲ್ಲಿ ಕೂತು ಒಂದೊಂದೇ ತುಂಡು ತಿರುಗಿಸಿ ಚುಕ್ಕಿ ಹುಡುಕಿದರು. ಎಡಗಡೆಯದನ್ನು ಎಡಕ್ಕಿಟ್ಟರು, ಬಲಗಡೆಯದನ್ನು ಬಲಕ್ಕೆ. ಯಾರೂ ತಡೆಯಲಿಲ್ಲ.

"ಬೆಸುಗೆ ಹಾಕ್ಬೋದಲ್ವೇನೋ?" ಎಂದರು ಸೀಟಿಮಾಮ.

"ಹಾಕ್ಬೋದು. ನೋಡೋಕೆ ಇರತ್ತೆ, ಅಷ್ಟೇ. ಎಳೆಯೋ ಶಕ್ತಿ ಬರಲ್ಲ."

ಕಟರ್ ಹಿಡಿದಿದ್ದ ಕೆಲಸಗಾರ ಕೈಗವಸು ಕಳಚಿ ಬಂದು ನಿಂತ. "ಯಜಮಾನ್ರೇ, ನಂಗೆ ಗೊತ್ತಾಗ್ಲಿಲ್ಲ. ಚೀಟೀಲಿ ಗುಜರಿ ಅಂತ ಇತ್ತು."

ಅಪ್ಪ ಅವನ ಕಡೆ ನೋಡಿ ಹೇಳಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. "ನಿಂದೇನೂ ತಪ್ಪಿಲ್ಲ ಬಿಡಪ್ಪ. ಕಟಿಂಗ್ ನೀಟಾಗಿ ಮಾಡಿದೀಯ."

ಇಷ್ಟಕ್ಕೇ ಮುಗಿದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಆಮೇಲೆ ನಿಮ್ಮ ನೋಟಿಸು ಬಂತು. ಸರಕಿನ ಒಂದು ಭಾಗವನ್ನು ಮಾಲೀಕರೇ ಗುಜರಿಯೆಂದು ಸಹಿ ಮಾಡಿ ಘೋಷಿಸಿರುವುದರಿಂದ, ಅದೇ ಸರಕಿನ ಉಳಿದ ಭಾಗಗಳನ್ನೂ ಗುಜರಿಯೆಂದೇ ಪರಿಗಣಿಸತಕ್ಕದ್ದು. ಭಲೇ! ಒಬ್ಬರಿಂದ 'ನನ್ನ ಒಂದು ಹಲ್ಲು ಸತ್ತಿದೆ' ಎಂದು ಬರೆಸಿಕೊಂಡು, ಆಮೇಲೆ ಆ ಚೀಟಿ ಹಿಡಿದು ಇಡೀ ಮನುಷ್ಯನನ್ನೇ ಹೂಳಲು ಬರುವ ನಿಯಮವನ್ನು ಬರೆದ ಪುಣ್ಯಾತ್ಮರು ಯಾರು? ನಿಮ್ಮದೇ ವಿಭಾಗವೊಂದು ಬಂದು ಅಳೆದು 'ಪುರಾತನ ಎಂಜಿನ್' ಎಂದು ಬರೆದ ಪರವಾನಗಿ ಮೊದಲೆರಡು ಲಾರಿಗಳ ಜತೆಗಿದೆ. ಒಂದೇ ಕಟ್ಟಡ, ಒಂದೇ ಮಹಡಿ. ಎರಡು ಕೋಣೆಗಳ ನಡುವೆ ಒಂದು ಬಾಗಿಲು. ಅದನ್ನು ತೆರೆದು ಕೇಳಲು ಎಷ್ಟು ಹೆಜ್ಜೆ? ನೀವೂ ಒಂದು ದಿನ ನಿವೃತ್ತರಾಗುತ್ತೀರಿ. ಹೊಸಬರೂ ಅಲ್ಲ, ಬಳಕೆಯಲ್ಲೂ ಇಲ್ಲ. ಆಗ ನಿಮ್ಮ ಮನೆಯವರು ನಿಮ್ಮನ್ನು ಯಾವ ಕಾಲಂನಲ್ಲಿ ಬರೆಯಲಿ?

ಬಾಯ್ಲರೂ ಚೌಕಟ್ಟೂ ಈಗ ಠಾಣೆಯ ಹಿಂದೆ ಹರಿದ ಟಾರ್ಪಾಲಿನಡಿ ನಿಂತಿವೆ. ತೋಳಿಲ್ಲದಿದ್ದರೂ ಚಿಂತೆಯಿಲ್ಲ, ಬರಲಿ ಎಂದು ಶಾಲೆಯವರು ಬರೆದುಕೊಟ್ಟಿದ್ದಾರೆ. ಅಪ್ಪ ದಿನಾ ಎರಡು ಬಸ್ಸು ಬದಲಿಸಿ ಹೋಗಿ, ಚಕ್ರದ ಅಚ್ಚುಗಳಿಗೆ ಗ್ರೀಸು ಹಚ್ಚಿ ಬರುತ್ತಾರೆ. ಹದಿನೈದು ದಿನದಲ್ಲಿ ಕತ್ತರಿಸಲಿರುವುದಕ್ಕೆ ಯಾಕಪ್ಪಾ ಎಂದು ಕೇಳುವ ಧೈರ್ಯ ನನಗಿಲ್ಲ.

ಒಂದು ಬೈಗುಳವನ್ನೂ ಅವರು ಆಡಲಿಲ್ಲ. ಆಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆದರೆ ಮೊನ್ನೆ ಅವರ ಅಂಗಿ ಒಗೆಯಲು ತೆಗೆದುಕೊಂಡಾಗ ಜೇಬಿನಲ್ಲಿ ಕಣ್ಣಾಸ್ಪತ್ರೆಯ ಕಾಗದ ಸಿಕ್ಕಿತು. ಅಂಚಿನಲ್ಲಿ ಯಾರದೋ ಕೈಬರಹ: 'ಮಂಗಳವಾರ, ಖಾಲಿ ಹೊಟ್ಟೆ'. ನನಗೆ ಗೊತ್ತೇ ಇರಲಿಲ್ಲ. "ಇದನ್ನ ಯಾರು ಓದಿ ಹೇಳಿದ್ರಪ್ಪಾ?" ಎಂದೆ. "ಔಷಧಿ ಅಂಗಡಿಯೋನ ಹತ್ರ ಓದಿಸ್ದೆ" ಎಂದರು, ಬೇರೆಲ್ಲೋ ನೋಡುತ್ತ. "ನಿಂಗ್ಯಾಕಮ್ಮ ತೊಂದ್ರೆ. ನಿದ್ದೆ ಬೇರೆ ಇಲ್ಲ. ಮಗೂನ ನೋಡ್ಕೋ."

ಅಧಿಕಾರಿಗಳೇ, ಆರು ತೋಳುಗಳನ್ನು ವಾಪಸು ಕೊಡಿ ಎಂದು ಕೇಳುವಷ್ಟು ದಡ್ಡಿ ನಾನಲ್ಲ. ಕೇಳುವುದು ಇಷ್ಟೇ. ಇಪ್ಪತ್ತೆಂಟನೇ ತಾರೀಖಿನ ಆದೇಶವನ್ನು ರದ್ದು ಮಾಡಿ, ಉಳಿದಿರುವುದನ್ನು ಶಾಲೆಯ ಅಂಗಳಕ್ಕೆ ಹೋಗಲು ಬಿಡಿ. ರದ್ದತಿಯ ಪ್ರತಿಯನ್ನು ಅಂಚೆಯಲ್ಲಿ ಹಾಕಿ ಕೈತೊಳೆದುಕೊಳ್ಳಬೇಡಿ. ನೀವೇ ಬನ್ನಿ, ಇಲ್ಲವೇ ನಿಮ್ಮ ಕಡೆಯವರೊಬ್ಬರನ್ನು ಕಳಿಸಿ. ಎಂಜಿನ್ನಿನ ಪಕ್ಕದಲ್ಲೇ ಅಪ್ಪ ಸಿಗುತ್ತಾರೆ. ಅವರೆದುರು ನಿಂತು ಎರಡೂ ಬದಿ ಗಟ್ಟಿಯಾಗಿ ಓದಿ ಹೇಳಿ. ನಾನು ಓದಿದರೆ ಅವರು "ಸರಿನಮ್ಮಾ" ಎನ್ನುತ್ತಾರೆ. ಆಮೇಲೆ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಔಷಧಿ ಅಂಗಡಿಗೆ ಹೋಗುತ್ತಾರೆ.

ಇಂತಿ,
ಆ ಮನೆಯಲ್ಲಿ ಓದು ಬಲ್ಲವಳೆಂದು ಹೆಸರಾಗಿದ್ದ ಮಗಳು