ಖಾಲಿ ಬಿಟ್ಟ ಕಮಾನು

ಬುಧವಾರ, ೨೮ ಅಕ್ಟೋಬರ್

ಪ್ರೀತಿಯ ಗೀತಾ,

ಸಮಸ್ತ ಕನ್ನಡ ಕುಲಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಐರ್ಲೆಂಡ್ ದೇಶದಲ್ಲಿ ಮಳೆ ಬೀಳದ ಜಾಗವೊಂದು ಪತ್ತೆಯಾಗಿದೆ. ಪತ್ತೆ ಮಾಡಿದವರು ನಮ್ಮ ಮನೆಯವರು, ಕನ್ನಡ ಬಳಗದ ಅಧ್ಯಕ್ಷರಾದ ಶ್ರೀಮಾನ್ ನಿಯಾಜ್. ಶಾಲು ಹೊದಿಸುವ ಆಸೆಯಿದ್ದರೆ ಉಣ್ಣೆಯದೇ ತಾ, ಚಳಿ ಜಾಸ್ತಿ.

ವಾಟ್ಸಾಪ್ ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನಾಯಿತು ಎನ್ನಬೇಡ. ನನ್ನ ಮೆಸೇಜುಗಳೆಲ್ಲ ಊಟದ ಮೇಜಿನ ಮೇಲಿರುವ ಟ್ಯಾಬಿನಲ್ಲೂ ಟಣ್ ಎನ್ನುತ್ತವೆ. ಅಧ್ಯಕ್ಷರು ಅದರ ಮುಂದೆಯೇ ಕೂತು ಚಹಾ ಕುಡಿಯುತ್ತಾರೆ.

ಆ ಒಣ ಜಾಗ ನಮ್ಮೂರ ರೋಮನ್ ಸೇತುವೆಯ ಕೆಳಗಿದೆ. ರೋಮನ್ನರು ಈ ದೇಶಕ್ಕೆ ಸೇತುವೆ ಕಟ್ಟಲು ಬಂದವರೇ ಅಲ್ಲವೆಂದು ನನ್ನ ಮಗ ತಾಹಾ ಶಾಲೆಯಲ್ಲಿ ಕಲಿತು ಬಂದಿದ್ದಾನೆ. ಊರಿನವರಿಗೆ ಅದು ಗೊತ್ತು, ಆದರೂ ಹಾಗೇ ಕರೆಯುತ್ತಾರೆ. ಎಡಕ್ಕೆ ಸೂಪರ್‌ಮಾರ್ಕೆಟ್, ಬಲಕ್ಕೆ ಜಿಮ್, ನಡುವೆ ಇದು, ಮರಿಮಕ್ಕಳ ಫೋಟೋದಲ್ಲಿ ಕೂರಿಸಿದ ಮುತ್ತಜ್ಜನ ಹಾಗೆ. ನದಿ ನಡುವಿನ ಕಮಾನುಗಳ ಕೆಳಗೆ ಹರಿಯುತ್ತದೆ. ದಡದ ಮೇಲಿನ ಕೊನೆಯ ಕಮಾನು ಮಾತ್ರ ಒಣಗಿ ನಿಂತಿದೆ, ನಮಗೇ ಕಾದಿಟ್ಟ ಮಂಟಪದಂತೆ. ಭಾನುವಾರದ ರಾಜ್ಯೋತ್ಸವ ಅಲ್ಲೇ.

ನನಗೆ ವಿಚಿತ್ರವೆನಿಸಿದ್ದು ಒಂದೇ. ಮಳೆ ಬಂದರೆ ಬಸ್‌ಸ್ಟಾಪಿನಲ್ಲಿ ಒತ್ತಿಕೊಂಡು ನಿಲ್ಲುವ ಈ ಜನ ಅದರೊಳಗೆ ಹೋಗುವುದಿಲ್ಲ. ಒಂದು ಸೈಕಲ್ಲನ್ನೂ ನಿಲ್ಲಿಸುವುದಿಲ್ಲ. ಪುಂಡ ಹುಡುಗರು ಕೂಡ ಆ ಗೋಡೆಯ ಮೇಲೆ ಹೆಸರು ಗೀಚಿಲ್ಲ. ಪಕ್ಕದ ಮನೆಯ ನೋರಾ ಅವರನ್ನು ಕೇಳಿದೆ, ಮೇಡಂ ನಿವೃತ್ತ ಟೀಚರ್. ಹವಾಮಾನ, ನನ್ನ ಬಿರಿಯಾನಿ, ಅವರ ಮೊಣಕಾಲು, ಎಲ್ಲ ಮಾತಾಡಿ ಮುಗಿದ ಮೇಲೆ ಕಪ್ಪಿನೊಳಗೆ ನೋಡುತ್ತ ಹೇಳಿದರು, "ಅದು ನದಿಯದಮ್ಮ. ಉಕ್ಕಿದಾಗ ಅಲ್ಲಿಂದಲೇ ಹೋಗುತ್ತೆ. ಅದಕ್ಕೇ ಖಾಲಿ ಬಿಡ್ತೀವಿ." ಆಮೇಲೆ, ನಿಮಗೇನೂ ಆಗಲ್ಲ, ಗ್ರ್ಯಾಂಡ್ ಆಗಿರ್ತೀರಿ ಎಂದು ಸೇರಿಸಿದರು. ಇಲ್ಲಿನವರು 'ಎಲ್ಲ ಸರಿಯಿದೆ' ಎನ್ನುವ ಈ ಗ್ರ್ಯಾಂಡನ್ನು ಎಷ್ಟು ಮೆಲ್ಲಗೆ ಹೇಳುತ್ತಾರೋ ಅಷ್ಟು ಹೆದರಬೇಕು ಎಂಬುದು ನನ್ನ ಸಂಶೋಧನೆ.

ಅಷ್ಟರಲ್ಲಿ ನಮ್ಮ ಅಧ್ಯಕ್ಷರು ನದಿ ಬರುವ ಕಡೆ ಕಮಾನಿನ ಬಾಯಿಗೆ ಹಲಗೆ ಜೋಡಿಸಿ, ಸ್ಕ್ರೂ ಹೊಡೆದು, ಭದ್ರವಾಗಿ ಮುಚ್ಚಿಯಾಗಿತ್ತು. ಗಾಳಿಗೆ ಅಡ್ಡವಾಯಿತು, ವೇದಿಕೆಗೆ ಹಿನ್ನೆಲೆಯಾಯಿತು, ಮೇಲೆ ಕೆಂಪು ಹಳದಿ ಬಟ್ಟೆ. ನೋರಾ ಹೇಳಿದ್ದನ್ನು ಹೇಳಿದೆ. "ನೀನು ಹುಬ್ಬಳ್ಳಿಯೋಳು ಕಣೇ, ನಿಮ್ಮೂರಲ್ಲಿ ನದಿ ಎಲ್ಲೈತೆ? ನೀರಿನ ವಿಷ್ಯ ನನಗ್ ಬಿಡು" ಎಂದರು. ಬಿಡಲೇಬೇಕು. ಬೆಂಗಳೂರಿನಲ್ಲಿ ರಾಜಕಾಲುವೆ ಮುಚ್ಚಿ ಕಟ್ಟಿದ ಬೀದಿಯಲ್ಲಿ ಹುಟ್ಟಿ, ದೊಡ್ಡ ಮಳೆ ಬಂದಾಗಲೆಲ್ಲ ಫ್ರಿಜ್ಜನ್ನು ಮಂಚ ಹತ್ತಿಸಿ ಬೆಳೆದ ಮಹನೀಯರು. ಅನುಭವ ಅಪಾರ, ಪಾಠ ಮಾತ್ರ ಇನ್ನೂ ಆಗಿಲ್ಲ.

ಮಳೆ ಬಿಟ್ಟೇ ಇಲ್ಲ. ಬಾತುಗಳು ಎಲ್ಲಿಗೋ ಹೋಗಿವೆ. ನದಿಯ ಸದ್ದು ಕೂಡ ನಿಂತಿದೆ. ಸದ್ದು ಮಾಡುವ ಕಲ್ಲುಗಳೆಲ್ಲ ಮುಳುಗಿದವಲ್ಲ, ಅದಕ್ಕೆ. ಭಾನುವಾರ ನಿನ್ನ ಮಗಳು ಅನಿಶಾ ತಾಯಿ ಭುವನೇಶ್ವರಿಯಾಗಿ ಆ ಹಲಗೆಗಳಿಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ. ಛತ್ರಿ ಹಿಡಿಯುವವನು ನನ್ನ ತಾಹಾ. ಮಿಕ್ಕ ಮಕ್ಕಳೆಲ್ಲ ಅವರ ಪಾದದ ಬಳಿ.

ಈಗಷ್ಟೇ ಹೋಗಿ ನೋಡಿ ಬಂದೆ. ಹಲಗೆಯ ಬುಡದಲ್ಲಿ ಸ್ವಲ್ಪ ತೇವ, ಅಷ್ಟೆ. ಗಾಬರಿ ಬೇಡ. ಎಲ್ಲ ಗ್ರ್ಯಾಂಡ್.

ನಿನ್ನ
ರೆಹಾನಾ

ತಾ.ಕ.: ತೇವ ಎಂದದ್ದು ಸುಳ್ಳು. ಸ್ಕ್ರೂಡ್ರೈವರ್ ಒಯ್ದಿದ್ದೆ. ಕೆಳಗಿನ ಹಲಗೆ ಬಿಚ್ಚಿದ್ದೇ ತಡ, ನೀರು ನನ್ನ ಶೂ ದಾಟಿ ಒಳಗೆ ಬಂತು, ಸದ್ದಿಲ್ಲದೆ, ತನ್ನ ಮನೆಗೆ ತಾನು ಬರುವ ಹಾಗೆ. ಮೇಲಿನವು ನನಗೆ ಎಟುಕಲಿಲ್ಲ. ಶುಕ್ರವಾರ ಇವರು ಜುಮ್ಮಾ ನಮಾಜಿಗೆ ಲಿಮೆರಿಕ್‌ಗೆ ಹೋಗುತ್ತಾರೆ. ಆ ಹೊತ್ತಿಗೆ ನೀನೊಬ್ಬಳೇ ಬಾ, ಭುವನೇಶ್ವರಿ ಗಾಲ್ವೇಯ ನಿಮ್ಮ ಮನೆಯಲ್ಲೇ ಇರಲಿ. ನಿನ್ನ ಗಂಡ ಮಯೂರ್‌ನ ಬ್ಯಾಟರಿ ಡ್ರಿಲ್ ತಾ. ರಾತ್ರಿಯೇ ಚಾರ್ಜಿಗೆ ಹಾಕಿಡು.