ಏಪ್ರಿಲ್‌ನಲ್ಲಿ ತುಂಬಿದ ಹಳದಿ

ಕೆಂಗೊಂಡ,
೨೧೯೩, ಮಘೆ ಮಳೆಯ ಇಪ್ಪತ್ತೊಂದನೇ ದಿನ

ಅರ್ಪಿತಜ್ಜಿಯವರಿಗೆ,

ನೀವಿನ್ನೂ ಇಪ್ಪತ್ತನಾಲ್ಕರ ಹುಡುಗಿ. ಅಜ್ಜಿ ಎಂದದ್ದಕ್ಕೆ ಸಿಟ್ಟಾಗಬೇಡಿ. ಆರು ತಲೆಮಾರಿನ ಆಚೆ ನಿಂತು ಬೇರೆ ಹೇಗೆ ಕರೆಯಬೇಕೋ ನನಗೆ ತಿಳಿಯಲಿಲ್ಲ. ಮೇಲಿನ ತಾರೀಖೂ ವಿಚಿತ್ರವಾಗಿ ಕಂಡೀತು. ನಿಮ್ಮಲ್ಲಿ ಮಘೆ ಎರಡು ವಾರಕ್ಕೆ ಮುಗಿಯುತ್ತಿತ್ತಂತೆ. ನಾವು ಮಳೆ ನಿಲ್ಲುವವರೆಗೂ ಎಣಿಸುತ್ತಲೇ ಹೋಗುತ್ತೇವೆ. ನನ್ನ ಮಾತು ಅಲ್ಲಲ್ಲಿ ನಿಮಗೆ ಹೊಸದೆನಿಸಿದರೆ ಮನ್ನಿಸಿ.

ನಾನು ನೀರಜಾ. ನೀವೀಗ ಓದುತ್ತಿರುವ ನಗರ ಮತ್ತು ಪ್ರಾದೇಶಿಕ ಯೋಜನೆಯ ಸ್ನಾತಕೋತ್ತರ ಪದವಿಯನ್ನೇ ನಾನೂ ಓದುತ್ತಿದ್ದೇನೆ. ನಮ್ಮ ಕಾಲಕ್ಕೆ ಅದರಲ್ಲಿ 'ತಗ್ಗುವಾಸ' ಎಂಬುದೊಂದು ಸೇರಿಕೊಂಡಿದೆ. ಯಾವ ಊರಿಗೆ ನಕ್ಷೆ ಬರೆಯುತ್ತೇವೋ ಆ ಊರಿನ ಎಲ್ಲಕ್ಕಿಂತ ತಗ್ಗಿನ ಮನೆಯಲ್ಲಿ ಒಂದು ಮಳೆಗಾಲ ಇರಬೇಕು. ಇಲ್ಲದಿದ್ದರೆ ಗೈಡ್ ಸಹಿ ಹಾಕುವುದಿಲ್ಲ. ನನ್ನ ಪಾಲಿಗೆ ಬಂದದ್ದು ಹೊಂಡದ ಓಣಿಯ ದ್ಯಾಮವ್ವನವರ ಮನೆ. ಇಲ್ಲಿ ಒಲೆ ಎದೆಯೆತ್ತರದ ಕಟ್ಟೆಯ ಮೇಲಿದೆ, ಜೋಳದ ಡಬ್ಬಿ ಅಟ್ಟದಲ್ಲಿದೆ, ಮಕ್ಕಳ ಪಾಟಿಚೀಲ ಗೋಡೆಯ ಮೊಳೆಯಲ್ಲಿ ತೂಗುತ್ತಿರುತ್ತದೆ. ನೀರು ಏರತೊಡಗಿದರೆ ಓಣಿಯ ತುದಿಮನೆಯವರು ತಾಟು ಬಡಿಯುತ್ತಾರೆ. ಆಗ ಯಾರೂ ಗಾಬರಿಯಾಗುವುದಿಲ್ಲ. ಚಹಾ ಕುಡಿದು ಮುಗಿಸಿಯೇ ಹಾಸಿಗೆ ಸುತ್ತುತ್ತಾರೆ. ಮೊದಲ ಸಲ ನಾನು ಮಾತ್ರ ಅತ್ತುಬಿಟ್ಟೆ, ಓಣಿಯೆಲ್ಲ ನಕ್ಕಿತು.

ಈ ಓಣಿಯನ್ನು ಮೊದಲು ಕಾಗದದ ಮೇಲೆ ತಂದವರು ನೀವು. ನಿಮ್ಮ ಪ್ರಬಂಧದ ನಕ್ಷೆ ನಮ್ಮ ಗ್ರಂಥಾಲಯದಲ್ಲಿದೆ. ನೀವು ಸರ್ವೆಗೆ ಬಂದದ್ದು ಏಪ್ರಿಲ್‌ನಲ್ಲಿ. ಹೊಂಡ ಬತ್ತಿ ನೆಲ ಬಿರಿದಿತ್ತು. ಖಾಲಿ ಜಾಗವೆಂದು ಬರೆದುಕೊಂಡು, ಇಲ್ಲಿ ಮನೆ ಕಟ್ಟಬಹುದೆಂದು ನಕ್ಷೆಯಲ್ಲಿ ವಸತಿಯ ಹಳದಿ ಬಣ್ಣ ತುಂಬಿದಿರಿ. ಸೆಮಿಸ್ಟರ್‌ನ ರಜೆ ಬೇಸಿಗೆಯಲ್ಲೇ ಬಂದರೆ ನೀವಾದರೂ ಏನು ಮಾಡುತ್ತೀರಿ? ಆದರೆ ಆಮೇಲಿನವರು ನಿಮ್ಮ ಹಳದಿಯನ್ನೇ ನಕಲು ಮಾಡುತ್ತ ಹೋದರು, ನೆಲಮಟ್ಟಕ್ಕೇ ಅಡಿಪಾಯ ಹಾಕಿದರು. ತಪ್ಪು ಗೊತ್ತಾಗುವ ಹೊತ್ತಿಗೆ ನೂರಾಹತ್ತು ಮನೆ ಎದ್ದಿದ್ದವು.

ಆ ಮನೆಗಳು ಉಳಿಯಬೇಕೋ ತೆರವಾಗಬೇಕೋ ಎಂದು ಈಗ ನನ್ನ ನಕ್ಷೆ ಹೇಳಬೇಕು. ನಾಡಿದ್ದು ಒಪ್ಪಿಸಬೇಕು.

ಹಳದಿಯನ್ನು ಅಳಿಸಿಬಿಡಿ ಎಂದು ಬೇಡಿಕೊಳ್ಳಲೆಂದೇ ಈ ಪತ್ರಕ್ಕೆ ಕೂತದ್ದು. ಬರೆದದ್ದನ್ನು ದ್ಯಾಮವ್ವನವರಿಗೆ ಓದಿ ಹೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅದನ್ನ ಅಳಿಸಿಬಿಟ್ರ ನಾ ಎಲ್ಲಿ ಹುಟ್ಟಲಿ ಯವ್ವಾ?" ಎಂದರು. ಆ ಹಾಳೆ ಹರಿದು ಇದನ್ನು ಬರೆಯುತ್ತಿದ್ದೇನೆ.

ಹಳದಿ ಹಾಗೇ ಇರಲಿ. ನಕ್ಷೆಯ ಮೂಲೆಯಲ್ಲಿ ಒಂದು ಸಾಲು ಮಾತ್ರ ಸೇರಿಸಿ: ಏಪ್ರಿಲ್‌ನಲ್ಲಿ ನೋಡಿದ್ದು, ಮಳೆಗಾಲದಲ್ಲಿ ನೋಡಿಲ್ಲ. ನಕ್ಷೆಯ ಅಂದ ಕೆಡುತ್ತದೆಂದು ನಿಮ್ಮ ಗೈಡ್ ಮುಖ ಸಿಂಡರಿಸಬಹುದು, ಸಿಂಡರಿಸಲಿ. ಅದನ್ನು ಓದಿದ ಯಾರಾದರೊಬ್ಬರು ಶ್ರಾವಣದಲ್ಲಿ ಬಂದು ನಿಂತು, ಅಡಿಪಾಯವನ್ನು ಮೂರಡಿ ಎತ್ತರಿಸಿಯಾರು.

ಮನೆಗಳು ಇಲ್ಲೇ ಉಳಿದು ಎತ್ತರವಾಗಲಿ ಎಂದು ನನ್ನ ನಕ್ಷೆಯಲ್ಲಿ ಬರೆದಿದ್ದೇನೆ. ಸರಿಯೋ ತಪ್ಪೋ, ನನ್ನ ಮುಂದಿನವರು ಹೇಳಬೇಕು. ಅವರಿಗಾಗಿ ಮೂಲೆಯಲ್ಲಿ ಸಣ್ಣಗೆ ಸೇರಿಸಿದ್ದೇನೆ: ಒಂದೇ ಮಳೆಗಾಲ ನೋಡಿದ್ದೇನೆ.

ತುದಿಮನೆಯಲ್ಲಿ ತಾಟು ಬಡಿಯುತ್ತಿದ್ದಾರೆ. ಚಹಾ ಮುಗಿಸಿ ಏಳುತ್ತೇನೆ.

ನಿಮ್ಮ,
ನೀರಜಾ